ಡಿಸೆಂಬರಿನ ಪಾಳಿಪಟ್ಟಿ

ಹದಿನೇಳು ವರ್ಷ ಸೈನ್ಯದಲ್ಲಿದ್ದ ಲೊರೀನಾ ಟೇಟಮ್ ಬಂದೂಕಿಗಿಂತ ಸೌಟು ಹಿಡಿದದ್ದೇ ಹೆಚ್ಚು. ಕ್ಯಾನ್ಸಸ್‌ನ ದಂಡಿನ ಊಟದ ಮನೆಗೆ ಅವಳೇ ಯಜಮಾನಿ. ಸೈನ್ಯದ ಅಡುಗೆ ವಿಧಾನದ ಚೀಟಿಗಳೆಲ್ಲ ನೂರು ಜನರ ಅಳತೆಯವು. ಮನೆಯಲ್ಲಿ ತನ್ನೊಬ್ಬಳಿಗಾಗುವಷ್ಟು ಸೂಪು ಮಾಡಲು ಅವಳಿಗೆ ಈಗಲೂ ಬಾರದು.

ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆ, ಇಷ್ಟು ದೊಡ್ಡ ಸೈನ್ಯ ಯಾಕೆ ಎಂದು ವಾಷಿಂಗ್ಟನ್ನಿನವರು ಕತ್ತರಿ ಹಿಡಿದು ಕೂತರು. ಎರಡೇ ವರ್ಷದಲ್ಲಿ ಅವಳ ಒಂಬತ್ತು ಅಡುಗೆಯವರು ನಾಲ್ವರಾದರು. ಉಣ್ಣುವವರೂ ಕಡಿಮೆಯಾದರು ಎನ್ನುವಷ್ಟರಲ್ಲಿ ಪಕ್ಕದ ಊಟದ ಮನೆ ಮುಚ್ಚಿ, ಅಲ್ಲಿಯವರನ್ನೂ ಇಲ್ಲಿಗೇ ಅಟ್ಟಿದರು. ಕಡಿತದ ಯೋಜನೆ ಬರೆದ ಪುಣ್ಯಾತ್ಮರಲ್ಲಿ ಒಬ್ಬನಾದರೂ ಒಂದು ಮೂಟೆ ಈರುಳ್ಳಿ ಹೆಚ್ಚಿದವನಲ್ಲ. ಮೇ ತಿಂಗಳಿಂದ ಲೊರೀನಾ ಒಂದು ಭಾನುವಾರವೂ ರಜೆ ಕಂಡಿರಲಿಲ್ಲ.

ನವೆಂಬರಿನ ಕೊನೆಯ ಸೋಮವಾರ ಡಿಸೆಂಬರಿನ ಪಾಳಿಪಟ್ಟಿ ಬರೆಯಲು ಕೂತಳು. ನಾಲ್ವರಲ್ಲಿ ಚುರುಕಾದ ಓಡೆಲ್ ಮೇಬ್ರಿಯ ಸೇವಾವಧಿ ಮರುದಿನಕ್ಕೆ ಮುಗಿಯುತ್ತಿತ್ತು; ಮುಂದುವರಿಯಬೇಕಾದರೆ ಹೊಸದಾಗಿ ಸಹಿ ಹಾಕಬೇಕಿತ್ತು. ಅವನು ಹೋದರೆ ಉಳಿದ ಮೂವರಿಂದ ಒಲೆ ಹೊತ್ತಿಸುವುದೇ ಕಷ್ಟ.

"ನಿನ್ನ ಹೆಸರು ಬರೀಲಾ, ಬೇಡ್ವಾ?"

"ಗೊತ್ತಿಲ್ಲ ಸಾರ್ಜೆಂಟ್. ಟೋಪೀಕಾದಲ್ಲಿ ನಮ್ಮ ಮಾವನ ಹೋಟೆಲಿದೆ, ಬಾ ಅಂತಿದ್ದಾರೆ. ಭಾನುವಾರ ಬಾಗಿಲು ಹಾಕ್ತಾರಂತೆ."

ಇರು ಮಾರಾಯ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

"ನಾನು ನಿಮ್ಮಮ್ಮ ಆಗಿದ್ರೆ ಹೋಗು ಅಂತಿದ್ದೆ. ಸಾರ್ಜೆಂಟಾಗಿ ಏನೂ ಹೇಳಲ್ಲ. ಹೋಗು, ಆ ಟ್ರೇ ತೊಳಿ."

ನಾಲ್ಕೂ ಭಾನುವಾರಗಳಿಗೆ ತನ್ನ ಹೆಸರನ್ನೇ ಬರೆದು ಪಟ್ಟಿಯನ್ನು ಗೋಡೆಗೆ ಅಂಟಿಸಿದಳು. ಅದರ ಮೇಲೆ ಬೇರೆಯವರು ಪೆನ್ನು ಆಡಿಸಕೂಡದೆಂಬುದು ಅಡುಗೆಮನೆಯ ಕಟ್ಟುನಿಟ್ಟು.

ಮರುದಿನ ಬೆಳಿಗ್ಗೆ ನೋಡಿದರೆ, ಮೊದಲ ಭಾನುವಾರದ 'ಟೇಟಮ್' ಹೊಡೆದುಹಾಕಿ ಪಕ್ಕದಲ್ಲಿ ಸೊಟ್ಟಗೆ 'ಮೇಬ್ರಿ' ಎಂದು ಬರೆದಿತ್ತು. ಅವಳಿಗೆ ಮೊದಲು ಬಂದದ್ದು ಸಿಟ್ಟೇ.

"ಪಟ್ಟಿಗೆ ಕೈ ಹಾಕು ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ನಾಲ್ಕು ವಾರವೂ ನಿಮ್ಮ ಗ್ರೇವಿ ತಿಂದ್ರೆ ಉಳಿದಿರೋ ಸೈನ್ಯಾನೂ ಓಡಿಹೋಗುತ್ತೆ ಸಾರ್ಜೆಂಟ್."

"ಮಾವನ ಹೋಟೆಲು?"

"ಅವರಿಗೆ ಬೇರೆ ಯಾರಾದ್ರೂ ಸಿಕ್ತಾರೆ. ನಿನ್ನೆ ಸಂಜೆ ಸಹಿ ಹಾಕ್ಬಂದೆ. ಇನ್ನು ಮೂರು ವರ್ಷ."

ಬೈಯಬೇಕೆಂದು ಬಾಯಿ ತೆರೆದವಳು, "ಆಲೂಗಡ್ಡೆ ಯಾರು ಸುಲೀತಾರೆ, ನಿಮ್ಮ ಮಾವನಾ?" ಎಂದಷ್ಟೇ ಹೇಳಿ ಉಗ್ರಾಣಕ್ಕೆ ಹೋಗಿ ಕಣ್ಣೊರೆಸಿಕೊಂಡಳು.

ಆ ಭಾನುವಾರ ಲೊರೀನಾ ಒಂಬತ್ತರವರೆಗೆ ಮಲಗಿದಳು. ಆಮೇಲೆ ಸಮವಸ್ತ್ರವಿಲ್ಲದೆ ಊಟದ ಮನೆಗೆ ಬಂದು, ಎಲ್ಲರಂತೆ ಟ್ರೇ ಹಿಡಿದು ಸಾಲಿನಲ್ಲಿ ನಿಂತಳು. ಮೇಬ್ರಿ ಹುರಿದ ಮೊಟ್ಟೆಯ ಅಂಚು ಸೀದಿತ್ತು. ಅವಳು ಆ ಮಾತೆತ್ತದೆ ಇನ್ನೊಂದು ಹಾಕಿಸಿಕೊಂಡಳು.