ಬರ್ಫದೊಳಗಿನ ಮಣ್ಣೆತ್ತು

ಜಮಖಂಡಿ ಮುಂಬಯಿ ರಾಜ್ಯದಲ್ಲಿದ್ದ ಕಡೆಯ ವರ್ಷಗಳಲ್ಲಿ ನಾನು ಅಲ್ಲಿಯ ಒಂದು ಬಾಲವಾಡಿಯಲ್ಲಿ ಶಿಕ್ಷಕಿಯಾಗಿದ್ದೆ. ಮಕ್ಕಳು ಹದಿನಾಲ್ಕು, ಶಿಕ್ಷಕಿಯರು ಇಬ್ಬರು. ಇನ್ನೊಬ್ಬರು ಕಮಲಾಬಾಯಿ, ನನಗಿಂತ ಹಿರಿಯರು. ಅವರನ್ನು ಒಡಹುಟ್ಟಿದ ಅಕ್ಕನಂತೆ ನಂಬಿದ್ದೆ. ಆ ನಂಬಿಕೆ ಮುರಿದ ಸಿಟ್ಟು ಇವತ್ತಿಗೂ ಆರಿಲ್ಲ.

ತರಬೇತಿಯಲ್ಲಿ ನಾನೊಂದು ಆಟ ಕಲಿತಿದ್ದೆ. ಬರ್ಫದ, ಅಂದರೆ ಮಂಜುಗಡ್ಡೆಯ, ಎರಡು ಚಪ್ಪಡಿಗಳಲ್ಲಿ ಬಿಸಿ ಸೌಟಿನಿಂದ ಕುಳಿ ಮಾಡಿ, ನಡುವೆ ಆಟಿಕೆಯ ಪ್ರಾಣಿ ಇಟ್ಟು, ಒತ್ತಿ ಗೋಣಿಯಲ್ಲಿ ಸುತ್ತಿಟ್ಟರೆ ಚಪ್ಪಡಿಗಳು ಕೂಡಿಕೊಳ್ಳುತ್ತವೆ. ಮಕ್ಕಳು ತಿಕ್ಕಿ, ನೀರು ಹನಿಸಿ ಪ್ರಾಣಿಯನ್ನು ಬಿಡಿಸಬೇಕು. ಇದಕ್ಕೆ ಸೆನ್ಸ್ ಟ್ರೇನಿಂಗ್ ಎನ್ನುತ್ತಿದ್ದರು. ತಂಪು, ನುಣುಪು, ಕರಗುವುದು ಎಲ್ಲ ಬೆರಳಿಗೇ ತಿಳಿಯಲಿ ಎಂಬುದು ಉದ್ದೇಶ. ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನ ಈ ಆಟ ಎಂದು ನಿಶ್ಚಯವಾಯಿತು. ಮಿರಜದ ಬರ್ಫ ಕುಡಚಿಯವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬರುವುದಿತ್ತು.

ಮಕ್ಕಳು ಮನೆಯಿಂದ ಮರದ ಆನೆ, ಕುದುರೆ ತಂದರು. ಕುರುಬರ ನಿಂಗವ್ವ ತಂದದ್ದು ಒಂದು ಜೋಡಿ ಮಣ್ಣೆತ್ತು. ನಾಲ್ಕು ವರ್ಷದ ಹುಡುಗಿ. ಸಾಲಿಗೆ ಸೇರಿ ತಿಂಗಳೂ ಆಗಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆ ಮುಗಿದ ಮೇಲೆ ಎಲ್ಲರೂ ಎತ್ತುಗಳನ್ನು ನೀರಿಗೆ ಬಿಟ್ಟರೂ ಇವಳು ಬಿಟ್ಟಿರಲಿಲ್ಲ.

"ಅಕ್ಕಾರ, ಇವರಪ್ಪ ಕುರಿ ಹೊಡಕೊಂಡು ಹೋಗೂಮುಂದ ಮಾಡಿಕೊಟ್ಟ ಎತ್ತರಿ ಇವು," ಎಂದಳು ಅವಳನ್ನು ಬಿಡಲು ಬಂದ ತಾಯಿ. "ಅವ ಬರೂದು ಇನ್ನ ನಾಕ ತಿಂಗಳ. ಅಲ್ಲೀತನಕ ಇಕಿಗೆ ಇವೇ ಅಪ್ಪ."

ನಾನು ನಿಂಗವ್ವನ ಮುಂದೆ ಕುಳಿತು, "ಒಂದ ಕೋಡೂ ಮುರೀದಂಗ ನಿನ್ನ ಕೈಯಾಗ ಕೊಡ್ತೀನವ್ವಾ," ಎಂದೆ.

ಹಸಿ ಮಣ್ಣು ನೀರಿನಲ್ಲಿ ನಿಲ್ಲುವುದಿಲ್ಲವೆಂದು ನನಗೂ ಗೊತ್ತಿತ್ತು. ಕುಂಬಾರರ ಓಣಿಯ ಪಕ್ಕದಲ್ಲೇ ಕಮಲಾಬಾಯಿಯವರ ಮನೆ. ಕುಂಬಾರನಿಂದ ಸುಡಿಸಿಕೊಂಡು ಬರಲು ಎತ್ತುಗಳನ್ನು ಅವರ ಕೈಗೆ ಕೊಟ್ಟೆ. ಮೂರನೆಯ ದಿನ ಕೆಂಪಗಾದ ಎತ್ತುಗಳನ್ನು ತಂದು, "ಛಲೋ ಸುಟ್ಟಾನ ನೋಡ, ಕಲ್ಲಾಗ್ಯಾವ," ಎಂದರು. ನಾನು ಉಗುರು ಹಾಕಿ ನೋಡಲಿಲ್ಲ.

ತಪಾಸಣೆಯ ದಿನ ಮಕ್ಕಳು ಬರ್ಫವನ್ನು ಗಲ್ಲಕ್ಕೊತ್ತಿಕೊಂಡು ನಕ್ಕರು, ಯಾರೂ ಕಾಣದಂತೆ ನೆಕ್ಕಿದರು. ಕುದುರೆಯ ಕಿವಿ ಹೊರಬಂತು, ಆನೆಯ ಸೊಂಡಿಲು ಬಂತು. ನಿಂಗವ್ವನ ತಾಟಿನಲ್ಲಿ ಮೊದಲು ಕೆಂಪು ನೀರು ಇಳಿಯಿತು, ಆಮೇಲೆ ಕಪ್ಪು ರಾಡಿ. ಅವಳು ಇನ್ನೂ ಜೋರಾಗಿ ತಿಕ್ಕಿದಳು. ಕೋಡು ಹೋದವು, ಹೆಗಲ ಮೇಲಿನ ಇಣಿ ಹೋಯಿತು, ಕೊನೆಗೆ ಅಂಗೈಯಲ್ಲಿ ಬರೀ ಕೆಸರು. ಅವಳು ಅಳಲಿಲ್ಲ, ನನ್ನ ಮುಖ ನೋಡಿದಳು. ಸಾಹೇಬರು ಆಗ ಆನೆಯ ಕಡೆ ತಿರುಗಿದ್ದರು. ವರದಿಯಲ್ಲಿ "ಉತ್ತಮ" ಎಂದು ಬರೆದು ಹೋದರು.

ಸಂಜೆ ಕಮಲಾಬಾಯಿಯವರನ್ನು ನಿಲ್ಲಿಸಿ ಕೇಳಿದೆ.

"ಪೂಜಿ ಆದ ಎತ್ತಿಗೆ ಬೆಂಕಿ ಹಚ್ಚಂಗಿಲ್ಲಂದ ಕುಂಬಾರ. ನಾನ ಜಾಜು ಬಳದೆ," ಎಂದರು. "ಸಾಹೇಬರ ಮುಂದ ಒಂದ ಪ್ರಾಣಿ ಕಡಿಮಿ ಬೀಳಬಾರದಂತ. ಹೆಂಗೂ ನೀರಿಗಿ ಬಿಡೂ ಎತ್ತಲ್ಲೇನ, ಅದಕ್ಯಾಕ ಇಷ್ಟ ಮನಸಿಗಿ ಹಚ್ಚಿಕೋತಿ?"

ಜಾಜು ಎಂದರೆ ಗೋಡೆಗೆ ಬಳಿಯುವ ಕೆಮ್ಮಣ್ಣು. ಅಂದಿನಿಂದ ಅವರೊಡನೆ ಕೆಲಸದ ಮಾತಲ್ಲದೆ ಬೇರೆ ಮಾತಾಡಲಿಲ್ಲ.

ವಾರವಾದರೂ ನಿಂಗವ್ವ ಸಾಲಿಗೆ ಬರಲಿಲ್ಲ. ಮರದ ಜೋಡೆತ್ತು ಕೊಂಡು ಅವಳ ಮನೆಗೆ ಹೋದೆ. ನನ್ನನ್ನು ಕಂಡವಳೇ ಒಳಗೆ ಓಡಿದಳು. ನಾನು ಅಂಗಳದಲ್ಲೇ ನಿಂತು ಕಮಲಾಬಾಯಿ ಮಾಡಿದ್ದನ್ನೆಲ್ಲ ತಾಯಿಗೆ ಹೇಳಿದೆ, ನನ್ನ ತಪ್ಪಿಲ್ಲವೆಂದೂ ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿದಳು.

"ಇರಬೋದ್ರಿ ಅಕ್ಕಾರ," ಎಂದಳು. "ಆದರ ಮಾತ ಕೊಟ್ಟವರು ನೀವಲ್ಲರಿ?"

ಆಮೇಲೆ ಮೂವತ್ತು ವರ್ಷ ಮಕ್ಕಳ ನಡುವೆ ಕೆಲಸ ಮಾಡಿದೆ. ಕಣ್ಣಾರೆ ನೋಡದೆ, ಕೈಯಾರೆ ಮುಟ್ಟದೆ ಮತ್ತೆ ಯಾವ ಮಗುವಿಗೂ ಮಾತು ಕೊಡಲಿಲ್ಲ. ಕಮಲಾಬಾಯಿ ನನಗೆ ಮೋಸ ಮಾಡಿದ್ದು ನಿಜ. ನಿಂಗವ್ವನಿಗೆ ಮೋಸ ಮಾಡಿದವಳು ನಾನು.