ಶುಕ್ರವಾರದ ಸ್ಪಗೆಟಿ

ಬೆಳಗಿನ ಐದೂಕಾಲು. ಇಟಲಿಯ ಬೊಲೋನ್ಯ ನಗರದ ಪಕ್ಕದ ಬೂದ್ರಿಯೊ ಎಂಬ ಊರಿನ ಪುಟ್ಟ ಹೋಟೆಲಿನ ಹಿಂಗೋಣೆಯಲ್ಲಿ ಆರ್ಜಿಯಾ ಹಿಟ್ಟು ಲಟ್ಟಿಸುತ್ತಿದ್ದಾರೆ. ಮಾರುದ್ದದ ಲಟ್ಟಣಿಗೆ ಉರುಳಿದಂತೆಲ್ಲ ಹಳದಿ ಹಾಳೆ ಹಲಗೆಯ ಅಂಚು ದಾಟಿ ಜೋತು ಬೀಳುತ್ತದೆ. ಇವತ್ತು ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಂದು ಹಾಳೆ ಮುಗಿಯುವಷ್ಟರಲ್ಲಿ ಮೂರು ಸಲ ಕಿಟಕಿಗೆ ಹೋಗಿ ಬಂದಿದ್ದಾರೆ. ಮಧ್ಯಾಹ್ನ ಮೂವತ್ತೆರಡು ವಿದೇಶಿ ಪ್ರವಾಸಿಗರ ಬಸ್ಸು ಬರುತ್ತದೆ. ಅವರು ಮೊದಲೇ ಹೇಳಿ ಕಳಿಸಿರುವುದು ದಾರದಂಥ ಉದ್ದನೆಯ ಸ್ಪಗೆಟಿ ಮತ್ತು ಅದರ ಮೇಲೆ ರಾಗೂ, ಅಂದರೆ ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯುವ ಮಾಂಸದ ಗೊಜ್ಜು. ಈಗ ಹೋಟೆಲು ನಡೆಸುತ್ತಿರುವ ಮಿರ್ಕೊ, ಆರ್ಜಿಯಾರ ಅಣ್ಣನ ಮಗ, ಒಪ್ಪಿಬಿಟ್ಟಿದ್ದಾನೆ. ಅವರಿಗೆ ಹಿಡಿಸಿದರೆ ನಾಳೆಯಿಂದ ಅದು ಮೆನುವಿಗೇ ಸೇರುತ್ತದೆ.

ಆರ್ಜಿಯಾಗೆ ಅರವತ್ತೊಂಬತ್ತು. ಹದಿಮೂರಕ್ಕೆ ಹಣ್ಣಿನ ಪೆಟ್ಟಿಗೆಯ ಮೇಲೆ ನಿಂತು ಕೆಲಸ ಕಲಿತವರು. ದಿನಕ್ಕೆ ಅರವತ್ತು ಮೊಟ್ಟೆ, ಆರು ಕಿಲೋ ಹಿಟ್ಟು, ಆರು ಹಾಳೆ. ಹಾಳೆ ಸುತ್ತಿ ಕತ್ತರಿಸಿದರೆ ಬೆರಳಗಲದ ಪಟ್ಟಿಗಳು, ತಾಲ್ಯಾತೆಲ್ಲೆ. ಬಲಭುಜ ಎರಡು ಸಲ ಕೈಕೊಟ್ಟಿದೆ. ಆಗ ಮಿರ್ಕೊ ಹಿಟ್ಟು ಲಟ್ಟಿಸುವ ಯಂತ್ರ ತಂದ. ಹಳೇ ಗಿರಾಕಿಗಳ ಬೈಗುಳಕ್ಕೆ ವಾರದಲ್ಲೇ ವಾಪಸು ಕಳಿಸಿದ. ಯಾಕೆಂದು ಕೇಳಿದವರಿಗೆಲ್ಲ ಆರ್ಜಿಯಾ ಹೇಳುವುದು ಒಂದೇ:

"ಯಂತ್ರದ್ದು ಗಾಜಿನ ಹಾಗೆ ನುಣುಪು ಕಣ್ರೀ. ಮರದ ಮೇಲೆ ಲಟ್ಟಿಸಿದ್ದು ತರಿತರಿ, ರಾಗೂ ಕಚ್ಚಿಕೊಳ್ಳುತ್ತೆ. ಸ್ಪಗೆಟಿ ಮೇಲೆ ಹಾಕಿ ನೋಡಿ, ಜಾರಿ ತಟ್ಟೆ ತಳ ಸೇರುತ್ತೆ. ಆಮೇಲೆ ಚಮಚ ಕೇಳ್ತಾರೆ!"

ಬೆಳಕು ಹರಿಯುವಷ್ಟರಲ್ಲಿ ಮಿರ್ಕೊ ಬರುತ್ತಾನೆ. "ಅತ್ತೆ, ರಾಗೂ ಹಾಕಿದ ಸ್ಪಗೆಟಿನ ಲೋಕವೆಲ್ಲ 'ಬೊಲೊನೀಸ್' ಅಂತ ನಮ್ಮ ಬೊಲೋನ್ಯ ಹೆಸರಲ್ಲೇ ತಿನ್ನುತ್ತೆ. ನಾವು ಮಾಡಿದ್ರೆ ಗಂಟೇನು ಹೋಗುತ್ತೆ?"

"ಹೆಸರಿಟ್ಟವರು ಇಲ್ಲಿಗೆ ಬಂದಿದ್ರೇನೋ? ನಿಮ್ಮಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ದ."

"ಅಪ್ಪ ನಿಮಗೆ ಹೆದರಿ ಸುಮ್ನಿರ್ತಿದ್ದ, ಅಷ್ಟೇ."

ಸ್ಪಗೆಟಿಯ ಮೇಲೆ ಆರ್ಜಿಯಾಗೆ ಹಗೆಯೇನಿಲ್ಲ. ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವ ದಿನ. ಅಂದು ಟೊಮೆಟೊ, ಈರುಳ್ಳಿ, ಡಬ್ಬಿಯ ಟ್ಯೂನಾ ಮೀನು ಹಾಕಿ ಸ್ಪಗೆಟಿಯನ್ನೇ ಮಾಡುತ್ತಾರೆ. ಇವತ್ತು ಶುಕ್ರವಾರ. ರಾಗೂ ಪಾತ್ರೆ ಆಗಲೇ ಸಣ್ಣ ಉರಿಯ ಮೇಲಿದೆ. ಮಿರ್ಕೊ ಮಾರುಕಟ್ಟೆಗೆ ಹೋದದ್ದೇ ತಡ, ಆರ್ಜಿಯಾ ಈರುಳ್ಳಿ ಹೆಚ್ಚತೊಡಗುತ್ತಾರೆ.

ಒಂದು ಗಂಟೆಗೆ ತಟ್ಟೆಗಳು ಹೊರಗೆ ಹೋಗುತ್ತವೆ. ಆರ್ಜಿಯಾ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಓಡಾಡುತ್ತಾರೆ. ಹೊರಗೆ ಗುಜುಗುಜು. ಮಿರ್ಕೊ ಮುಖ ಕೆಂಪಗೆ ಮಾಡಿಕೊಂಡು ಒಳಗೆ ನುಗ್ಗುತ್ತಾನೆ. "ಮಾನ ಕಳೆದ್ರಲ್ಲ ಅತ್ತೆ! ಮಾಂಸ ಎಲ್ಲಿ ಅಂತಿದ್ದಾರೆ!"

"ಸ್ಪಗೆಟಿ ಕೇಳಿದ್ರು, ನಾವು ತಿನ್ನೋ ಹಾಗೆ ಕೊಟ್ಟೆ. ರಾಗೂ ಕೇಳಿದ್ರು, ಅದೂ ಇದೆ. ತಗೊಂಡು ಹೋಗು." ರಾಗೂ ಕಲಸಿದ ತಾಲ್ಯಾತೆಲ್ಲೆಯ ದೊಡ್ಡ ಬಟ್ಟಲು ಅವನ ಕೈಗೆ ಬರುತ್ತದೆ.

ಟ್ಯೂನಾ ತಟ್ಟೆಗಳಲ್ಲಿ ಒಂಬತ್ತು ಅರ್ಧಕ್ಕೇ ವಾಪಸಾಗುತ್ತವೆ. ಆರ್ಜಿಯಾ ಎಣಿಸಿ ಮುಖ ಸಣ್ಣ ಮಾಡುತ್ತಾರೆ. ರಾಗೂ ಬಟ್ಟಲನ್ನು ಮಾತ್ರ ಯಾರೋ ಬ್ರೆಡ್ಡಿನಿಂದ ಒರೆಸಿ ತಿಂದಿದ್ದಾರೆ. ಇನ್ನೊಂದು ಬಟ್ಟಲು ಸಿಗುತ್ತದೆಯೇ ಎಂದೂ ಕೇಳಿ ಕಳಿಸಿದ್ದಾರೆ.

"ಅವರು ತಪ್ಪು ತಿಳ್ಕೊಂಡಿದ್ರೆ ಬೇಜಾರಿಲ್ಲ, ದೂರದೋರು," ಎನ್ನುತ್ತಾರೆ ಆರ್ಜಿಯಾ. "ಗೊತ್ತಿದ್ದೂ ನಾವೇ ಹಾಗೆ ಬಡಿಸಿದ್ರೆ, ಅವರು ಸರಿಯಾದ್ದು ತಿನ್ನೋದಾದ್ರೂ ಎಲ್ಲಿ?"

ಬಸ್ಸು ಹೊರಟ ಮೇಲೆ ಮಿರ್ಕೊ ಬಾಗಿಲ ಬಳಿಯ ಕರಿಹಲಗೆ ಒರೆಸಿ ಬರೆಯುತ್ತಾನೆ: ರಾಗೂ, ತಾಲ್ಯಾತೆಲ್ಲೆ ಜೊತೆ ಮಾತ್ರ. ಸ್ಪಗೆಟಿ, ಶುಕ್ರವಾರ, ಟ್ಯೂನಾ.

ಆರ್ಜಿಯಾ ಕಣ್ಣು ಕಿರಿದು ಮಾಡಿ ನೋಡುತ್ತಾರೆ.

"ಇನ್ನೂ ದಪ್ಪಕ್ಕೆ ಬರಿಯೋ. ಬಸ್ಸಲ್ಲಿ ಕೂತವರಿಗೇ ಕಾಣಬೇಕು."