ಮಾವನ ತಲೆಗೆ ಎರಡು ಪರೀಕ್ಷೆ

ನಮ್ಮ ಸೋದರಮಾವ ಬಡಗಿ. ಹಲಗೆಯನ್ನು ಮೂರು ಸಲ ಅಳೆಯದೆ ಕೊಯ್ದವರಲ್ಲ. ಕಾರ್ಖಾನೆಯಲ್ಲಿ ಅವರಿಗೆ ‘ಮೂರಳತೆ’ ಎಂದೇ ಹೆಸರು.

ಒಂದು ದಿನ ಮೇಲಿಂದ ಜಾರಿದ ತೊಲೆ ಅವರ ತಲೆಗೆ ಬಡಿಯಿತು. ಗಾಯವೇನೋ ಒಣಗಿತು. ಆದರೆ ತಲೆ ನೆಟ್ಟಗಿದೆಯೆಂದು ಆಸ್ಪತ್ರೆಯವರು ಬರೆದುಕೊಡುವ ತನಕ ಮರ ಕೊಯ್ಯುವ ಯಂತ್ರ ಮುಟ್ಟುವ ಹಾಗಿಲ್ಲ ಎಂದರು ಮಾಲೀಕರು. ಅವರದೂ ತಪ್ಪಲ್ಲ, ಆ ಯಂತ್ರಕ್ಕೆ ಹಲಗೆಯೂ ಒಂದೇ, ಬೆರಳೂ ಒಂದೇ.

ಆಸ್ಪತ್ರೆಯಲ್ಲಿ ನೆನಪು, ಬುದ್ಧಿಯ ಪರೀಕ್ಷೆ ನಡೆದದ್ದು ಇಂಗ್ಲಿಷಿನಲ್ಲಿ. ಮಾವನ ಇಂಗ್ಲಿಷು ಇಂಚು, ಸ್ಕ್ರೂ ದಾಟಿ ಹೋದದ್ದಿಲ್ಲ. ತರ್ಜುಮೆಗೆಂದು ಅತ್ತೆ ಹೋದರು. ಮೂವತ್ತು ವರ್ಷದಿಂದ ಗಂಡನ ಪರವಾಗಿ ಉತ್ತರ ಕೊಟ್ಟ ಬಾಯಿ ಅಲ್ಲಿ ಸುಮ್ಮನಿದ್ದೀತೇ? ಪ್ರಶ್ನೆ ಮಾವನಿಗೆ ತಲುಪುವ ಮೊದಲೇ ಉತ್ತರ ಮೇಜು ದಾಟಿರುತ್ತಿತ್ತು. ಪರೀಕ್ಷಕರು ಅತ್ತೆಯನ್ನು ಹೊರಗೆ ಕಳಿಸಿದರು. ಆಮೇಲೆ ಮಾವ ಕಣ್ಣು ಕಣ್ಣು ಬಿಟ್ಟರು. ಬುದ್ಧಿ ಮಂದವಾಗಿದೆ ಎಂದು ವರದಿ ಬಂತು. ನನಗೆ ಮೈಯೆಲ್ಲ ಉರಿಯಿತು. ತೂಕ ನೋಡಲು ಮೊಳಕೋಲು ಹಿಡಿದ ಹಾಗಾಯಿತು ಇದು. ಮಾಲೀಕರು ಮಾವನನ್ನು ಮೊಳೆ ಆರಿಸಲು ಕೂರಿಸಿದರು.

ಮೂರು ತಿಂಗಳು ಅಲೆದು, ಇಂಥ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡುವ ಮನಶ್ಶಾಸ್ತ್ರಜ್ಞೆಯೊಬ್ಬರನ್ನು ಹುಡುಕಿದೆ. ಅವರು ಮೊದಲು ಮಾವ ಎಷ್ಟು ಓದಿದ್ದಾರೆ, ಏನು ಕೆಲಸ, ಮನೆಯಲ್ಲಿ ಯಾವ ಮಾತು ಎಂದೆಲ್ಲ ವಿಚಾರಿಸಿ, ಅತ್ತೆಯನ್ನೂ ನನ್ನನ್ನೂ ಹೊರಗೆ ಕೂರಿಸಿದರು. ಬಾಗಿಲ ಆಚೆ ಬಾಯಿ ಮುಚ್ಚಿಕೊಂಡು ಕೂತ ಅತ್ತೆಯ ಪಾಡು ಶತ್ರುವಿಗೂ ಬೇಡ.

ಒಳಗೆ ನಡೆದದ್ದನ್ನು ಆಮೇಲೆ ಮನಶ್ಶಾಸ್ತ್ರಜ್ಞೆಯೇ ನಗುತ್ತ ಹೇಳಿದರು. ಅವರು ಹೇಳಿದ ಕಥೆಯನ್ನು ಮಾವ ಚಾಚೂ ತಪ್ಪದೆ ತಿರುಗಿ ಹೇಳಿದರಂತೆ. ಬಣ್ಣದ ತುಂಡುಗಳನ್ನು ಜೋಡಿಸುವಾಗ ಮಾತ್ರ ವಿಪರೀತ ತಡ. ಗೊತ್ತಾಗುತ್ತಿಲ್ಲವೇ ಎಂದು ಕೇಳಿದ್ದಕ್ಕೆ ಮಾವ, “ಗೊತ್ತಾಯ್ತಮ್ಮ, ಸರಿ ಇದೆಯಾ ಅಂತ ನೋಡ್ತಿದೀನಿ. ಕೊಯ್ದ ಹಲಗೆ ಮತ್ತೆ ಬೆಳೆಯಲ್ಲ,” ಎಂದರಂತೆ. ಇಲ್ಲಿ ಬೇಗ ಮುಗಿಸುವುದೂ ಲೆಕ್ಕಕ್ಕಿದೆ ಎಂದು ಆಕೆ ತಿಳಿಸಿದ ಮೇಲೆ ಉಳಿದದ್ದನ್ನೆಲ್ಲ ಪಟಪಟನೆ ಜೋಡಿಸಿಬಿಟ್ಟರು.

ವಾರದ ನಂತರ ಆಕೆ ನಮ್ಮನ್ನು ಕರೆಸಿ ವರದಿಯನ್ನು ಕನ್ನಡದಲ್ಲೇ ಓದಿ ಹೇಳಿದರು. ನೆನಪು, ಗಮನ, ಬುದ್ಧಿ ಎಲ್ಲವೂ ಚೆನ್ನಾಗಿವೆ. ಯಂತ್ರದ ಕೆಲಸಕ್ಕೆ ಅಡ್ಡಿಯಿಲ್ಲ. ಅತ್ತೆ ಎದ್ದು ನಿಂತು ಕೈಮುಗಿದರು. ನಾನು ಆಗಲೇ ಮಾಲೀಕರಿಗೆ ಫೋನ್ ಮಾಡಲು ಹೊರಟಿದ್ದೆ. ಮಾವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ಇನ್ನೊಂದ್ಸಲ ಓದಮ್ಮ,” ಎಂದರು.

ಆಕೆ ಮತ್ತೆ ಓದಿದರು. ಮಾವ ಕಣ್ಣೊರೆಸಿಕೊಂಡರು. “ಮೊದಲ್ನೇ ಕಾಗದಾನ ನಾನೂ ನಂಬಿಬಿಟ್ಟಿದ್ದೆ.”

ಮೂರು ತಿಂಗಳು ಅವರಿಗಾಗಿಯೇ ಅಲೆದ ನನಗೆ ಅದು ಹೊಳೆದೇ ಇರಲಿಲ್ಲ.